ಹಸಿರು ಪಟ್ಟಿ ಕಟ್ಟಿದ ಹನ್ನೆರಡು ಗಿಡ

2025 ಜನವರಿ 11, ಶನಿವಾರ

ಉಡುಪಿಯ ಡಾಕ್ಟರರು ನನಗೆ ಬೊಬ್ಬೆ ಹಾಕಬಾರದು ಎಂದಿದ್ದಾರೆ. ಬೀಪಿ ಇನ್ನೂರರ ಹತ್ತಿರ ಉಂಟಂತೆ. ಬೊಬ್ಬೆ ಹಾಕದೆ ಈ ಮನೆಯಲ್ಲಿ ಬದುಕುವುದು ಹೇಗೆ ಎಂಬುದನ್ನು ಮಾತ್ರ ಚೀಟಿಯಲ್ಲಿ ಬರೆಯಲಿಲ್ಲ. ಅದಕ್ಕೆ ಮೊಮ್ಮಗಳು ಶರೋನ್ ಮಣಿಪಾಲದಿಂದ ಈ ದಪ್ಪ ಪುಸ್ತಕ ತಂದುಕೊಟ್ಟಳು. ಅವಳ ಲ್ಯಾಬಿನಲ್ಲಿ ಉಳಿದದ್ದಂತೆ, ಪುಟಪುಟಕ್ಕೂ ನಂಬರು ಅಚ್ಚು ಹಾಕಿದ್ದಾರೆ. "ಮಾಯ್, ಬೈಯಬೇಕು ಅಂತ ಕಂಡಾಗ ಇದರಲ್ಲಿ ಬೈದುಬಿಡು. ಯಾರೂ ಓದುವುದಿಲ್ಲ" ಎಂದಳು. ತಾಯಿ ನನ್ನನ್ನು ಮಾಯ್ ಎನ್ನುವುದನ್ನು ಕೇಳಿ ಕೇಳಿ ಇವಳೂ ಹಾಗೇ ಕರೆಯುವುದು.

ತಾಯಿ ಎಂದರೆ ನನ್ನ ಸೊಸೆ ಆಲಿಸ್. ಮುಂಬೈಯಲ್ಲಿ ಬೆಳೆದವಳು, ಕನ್ನಡ ಓದಲು ಬಾರದು. ಒಳ್ಳೆಯದೇ ಆಯಿತು. ನಾನು ಇಗರ್ಜಿಯ ಪಾದ್ರಿಗಳ ಶಾಲೆಯಲ್ಲಿ ಐದನೆಯ ಕ್ಲಾಸಿನ ತನಕ ಕಲಿತವಳು. ಕೊಂಕಣಿಯಲ್ಲೇ ಬರೆಯಬಹುದಿತ್ತು. ಆದರೆ ಕೊಂಕಣಿಯಲ್ಲಿ ನಾನು ಓದಿದ್ದೆಲ್ಲ ಪ್ರಾರ್ಥನೆ. ಅದರಲ್ಲಿ ಬೈದರೆ ಮೇಲಿನವನಿಗೆ ಕೇಳಿಸೀತು. ಕನ್ನಡವೇ ಸರಿ.

ಮೊದಲ ಬೈಗುಳ ಪುಸ್ತಕ ಕೊಟ್ಟವಳಿಗೇ. ಅವಳು ಪಿಎಚ್‌ಡಿ ಮಾಡುವುದು ಮಲ್ಲಿಗೆ ಮೊಗ್ಗು ಕೊರೆಯುವ ಹುಳದ ಮೇಲೆ. ಐವತ್ತೆರಡು ವರ್ಷ ನಾನು ಆ ಹುಳದ ಜೊತೆ ಜಗಳಾಡಿದೆ, ನನಗೆ ಯಾರೂ ಒಂದು ಪೆನ್ಸಿಲ್ ಕೊಡಲಿಲ್ಲ. ಇವಳಿಗೆ ಸರಕಾರ ತಿಂಗಳು ತಿಂಗಳು ಹಣ ಕೊಡುತ್ತದೆ, ಅದಕ್ಕೆ ಫೆಲೋಶಿಪ್ ಎಂದು ಹೆಸರು. ಲ್ಯಾಬಿನಲ್ಲಿ ಗಾಜಿನ ತಟ್ಟೆಯಲ್ಲಿ ಬೂಷ್ಟು ಬೆಳೆಸಿ ನೀರಿಗೆ ಕಲಸಿ ತಂದಿದ್ದಾಳೆ. ಅದೇ ಹುಳಕ್ಕೆ ಮದ್ದಂತೆ. ಉಪ್ಪಿನಕಾಯಿಗೆ ಬೂಷ್ಟು ಬಂದದ್ದಕ್ಕೆ ನಾನು ಅತ್ತೆಯ ಕೈಯಿಂದ ಪೆಟ್ಟು ತಿಂದಿದ್ದೆ.

ನಮ್ಮ ಮಲ್ಲಿಗೆ ತೋಟದ ಇಪ್ಪತ್ತನಾಲ್ಕು ಗಿಡಕ್ಕೆ ಬಟ್ಟೆಯ ಪಟ್ಟಿ ಕಟ್ಟಿದಳು. ಹನ್ನೆರಡಕ್ಕೆ ಹಸಿರು, ಹನ್ನೆರಡಕ್ಕೆ ಕೆಂಪು. ಯಾವುದಕ್ಕೆ ಯಾವುದು ಎಂದು ಚೀಟಿ ಎತ್ತಿ ತೀರ್ಮಾನ, ಶಿಲುಬೆಯ ಬುಡದಲ್ಲಿ ಸ್ವಾಮಿಯ ಅಂಗಿಗೆ ಪಿಲಾತನ ಸಿಪಾಯಿಗಳು ಚೀಟಿ ಹಾಕಿದ ಹಾಗೆ. ಹಸಿರಿಗೆ ಬೂಷ್ಟಿನ ಮದ್ದು, ಕೆಂಪಿಗೆ ಬರೀ ನೀರು. ಕೆಂಪು ಗಿಡಗಳು ಎಂತ ಪಾಪ ಮಾಡಿದ್ದವು ಎಂದು ಕೇಳಿದೆ. "ಹೋಲಿಸಿ ನೋಡಲಿಕ್ಕೆ ಬೇಕು ಮಾಯ್" ಎಂದಳು.

ನಾನು ಅಭ್ಯಾಸದಂತೆ ಒಂದು ಕೆಂಪು ಪಟ್ಟಿಯ ಗಿಡದಿಂದ ತೂತು ಬಿದ್ದ ಮೊಗ್ಗು ಕೀಳಲು ಕೈ ಹಾಕಿದ್ದೇ ತಡ, ಹಾವು ಕಂಡವಳ ಹಾಗೆ ಕಿರುಚಿದಳು. "ಕೆಂಪಿನದ್ದನ್ನು ಮುಟ್ಟಬೇಡ! ಒಳ್ಳೆಯ ಮೊಗ್ಗು ಕೊಯ್ದುಕೋ. ಹುಳದ್ದು ಹಾಗೇ ಇರಲಿ, ಶನಿವಾರ ಬಂದು ನಾನು ಎಣಿಸಬೇಕು." ಬೊಬ್ಬೆ ಹಾಕಲು ಅವಳಿಗೆ ಡಾಕ್ಟರರ ತಡೆ ಇಲ್ಲವಲ್ಲ.

ಸರಿ. ಕೆಂಪನ್ನು ಮುಟ್ಟುವುದಿಲ್ಲ.

ಜನವರಿ 18, ಶನಿವಾರ

ಶರೋನ್ ಎಂಟು ಗಂಟೆಯ ಬಸ್ಸಿಗೆ ಬರುವವಳು. ಅದಕ್ಕೆ ಮುಂಚೆ ಹಸಿರು ಪಟ್ಟಿಯ ಗಿಡಗಳ ಹುಳದ ಮೊಗ್ಗೆಲ್ಲ ಕಿತ್ತು ಸ್ವಚ್ಛ ಮಾಡಿದೆ. ಒಂದು ತೆಂಗಿನ ಗೆರಟೆ ತುಂಬಿತು. ಕೋಳಿಗಳಿಗೆ ಹಾಕಿದೆ. ಮನೆಗೆ ಜನ ಬರುವಾಗ ಅಂಗಳ ಗುಡಿಸುವುದಿಲ್ಲವಾ, ಹಾಗೆ. ಕೆಂಪಿನ ಕಡೆಗೆ ಕತ್ತು ತಿರುಗಿಸಲಿಲ್ಲ. ಹುಳ ತಿಂದು ನೇರಳೆ ಬಣ್ಣಕ್ಕೆ ತಿರುಗಿದ ಮೊಗ್ಗುಗಳು ಅಲ್ಲಿ ನೇತಾಡುತ್ತಿದ್ದವು. ಕೈ ತುರಿಸಿತು. ಮಾತು ಕೊಟ್ಟ ಮೇಲೆ ಮುಗಿಯಿತು.

ಆಲಿಸ್ ಇವತ್ತು ನಾರನ್ನು ನೆನೆಸದೆ ಮಲ್ಲಿಗೆ ಕಟ್ಟಲು ಕುಳಿತಳು. ಒಣ ಬಾಳೆನಾರು ಮೊಗ್ಗಿನ ಕತ್ತು ಕತ್ತರಿಸುತ್ತದೆ ಎಂದು ಇಪ್ಪತ್ತೆಂಟು ವರ್ಷದಿಂದ ಹೇಳುತ್ತಿದ್ದೇನೆ. ಕಟ್ಟಿದ್ದು ಆರು ಚೆಂಡು, ಅದರಲ್ಲಿ ಎರಡನ್ನು ಬಿಚ್ಚಿ ನಾನೇ ಕಟ್ಟಬೇಕಾಯಿತು. ಮುಂಬೈಯ ಬೆರಳುಗಳು ಬಸ್ಸಿನ ಟಿಕೆಟ್ ಹಿಡಿಯಲಿಕ್ಕೆ ಸರಿ.

ಜನವರಿ 29, ಬುಧವಾರ

ಐದು ತಿಂಗಳಿಂದ ಶರೋನಳ ಫೆಲೋಶಿಪ್ ಬಂದಿಲ್ಲವಂತೆ. ಇವತ್ತು ಬಾಯಿ ಬಿಟ್ಟಳು, ಅದೂ ಫೋನಿನಲ್ಲಿ. ದಿಲ್ಲಿಯಲ್ಲಿ ಯಾರೋ ಒಬ್ಬ ಒಂದು ಗುಂಡಿ ಒತ್ತಬೇಕಂತೆ, ಅವನು ಒತ್ತಿಲ್ಲವಂತೆ. ಅವನ ಮನೆಯಲ್ಲಿ ತಿಂಗಳ ಮೊದಲ ದಿನ ಸಂಬಳ ಬಂದಿರುತ್ತದೆ. ಅವನ ಗುಂಡಿ ಒತ್ತುವ ಬೆರಳಿಗೆ ಉಗುರುಸುತ್ತು ಆಗಲಿ.

ಇದೇ ಸಮಯ ನೋಡಿ ಆಲಿಸ್ ಶರೋನಳಿಗೆ ಡೆನ್ವರ್ ಎಂಬವನ ಸಂಬಂಧ ತೆಗೆದಳು. ದುಬೈಯಲ್ಲಿ ಕೆಲಸ, ಹುಡುಗ ಒಳ್ಳೆಯವನು, ಹುಡುಗಿಗೆ ಇಪ್ಪತ್ತೇಳಾಯಿತು. ನನ್ನ ಮಗ ಎಡ್ಮಂಡ್ ಕುವೈತಿನಿಂದ "ಅಮ್ಮ ಹೇಳಿದ ಹಾಗೆ" ಎಂದನಂತೆ. ಯಾವ ಅಮ್ಮ ಎಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಫೆಬ್ರವರಿ 8, ಶನಿವಾರ

ಬೆಳಿಗ್ಗೆ ಹಸಿರಿನಿಂದ ಒಂದೂವರೆ ಗೆರಟೆ. ಆಮೇಲೆ ಶರೋನ್ ಬಂದು ಕೂತು ಎಣಿಸಿದಳು. ಕೆಂಪಿನಲ್ಲಿ ನೂರಕ್ಕೆ ಮೂವತ್ತು ಹುಳದ್ದು, ಹಸಿರಿನಲ್ಲಿ ನೂರಕ್ಕೆ ಎಂಟೋ ಒಂಬತ್ತೋ. ನನ್ನ ಕಣ್ಣು ತಪ್ಪಿಸಿ ಉಳಿದವು ಅವು.

"ಮದ್ದು ಹಿಡಿಯಿತು ಮಾಯ್!" ಎಂದು ನನ್ನನ್ನು ಎತ್ತಿಯೇ ಬಿಟ್ಟಳು. ಸೊಂಟ ಹಿಡಿದುಕೊಂಡಿತು. ಬೈಯಲಿಲ್ಲ. ಹುಡುಗಿಯ ಮುಖದಲ್ಲಿ ಆ ನಗು ಕಂಡು ತುಂಬಾ ದಿನ ಆಗಿತ್ತು.

ಫೆಬ್ರವರಿ 22, ಶನಿವಾರ

ಇವತ್ತು ಕೊನೆಯ ಎಣಿಕೆ. ಅವಳ ಗೈಡು ಶೇಖರ ಸರ್ ಖುದ್ದಾಗಿ ನೋಡಲು ಬರುತ್ತಾರೆ ಎಂದು ನಿನ್ನೆಯೇ ಗೊತ್ತಾಗಿತ್ತು. ಐದು ಗಂಟೆಗೇ ಎದ್ದು ಟಾರ್ಚ್ ಹಿಡಿದು ಹಸಿರು ಗಿಡಗಳ ಒಂದೊಂದು ಗೆಲ್ಲು ಮಗುಚಿ ನೋಡಿದೆ. ಎರಡು ಗೆರಟೆ. ಕೋಳಿಗಳು ತಿಂದು ಸುಸ್ತಾದವು.

ಸರ್ ಕೊಕ್ಕರೆಯ ಹಾಗಿದ್ದಾರೆ. ಉದ್ದ ಕಾಲು, ಬಗ್ಗಿದ ಕತ್ತು, ಎಲ್ಲದರಲ್ಲೂ ಕೊಕ್ಕು ಹಾಕುವ ಸ್ವಭಾವ. ಬಾರ್ಕೂರು ಕಡೆಯವರಂತೆ, ಕನ್ನಡ ಚಂದ ಮಾತಾಡುತ್ತಾರೆ. ಹಸಿರು ಗಿಡಗಳನ್ನು ನೋಡಿ "ಇದು ನಿಜಕ್ಕೂ ಚೆನ್ನಾಗಿ ಬಂದಿದೆ ಶರೋನ್" ಎಂದರು. ಇಷ್ಟು ಹೇಳಲು ಅವರಿಗೆ ಮೂರು ವರ್ಷ ಬೇಕಾಯಿತು. ನಾನು ಮಾಡಿದ ಅಕ್ಕಿಯ ಸಾನ್ನಾಂ ಒಂದೇ ತಿಂದು ಕೈ ತೊಳೆದರು. ಬೂಷ್ಟನ್ನು ಕನ್ನಡಕ ಇಟ್ಟು ನೋಡುವವರಿಗೆ ಹುದುಗು ಬಂದ ಸಾನ್ನಾಂ ಹೆದರಿಕೆಯಾ?

ಮಾರ್ಚ್ 5, ಬೂದಿ ಬುಧವಾರ

ಹಣೆಗೆ ಬೂದಿ ಹಾಕಿಸಿಕೊಂಡು ಬಂದೆ. ಇವತ್ತಿನಿಂದ ಉಪವಾಸ ಕಾಲ. ಕೋಪ ಬಿಡುತ್ತೇನೆ ಎಂದು ಹರಕೆ ಹೇಳೋಣ ಎಂದುಕೊಂಡಿದ್ದೆ, ಇಗರ್ಜಿಯಿಂದ ಮನೆಗೆ ಬರುವ ದಾರಿಯಲ್ಲೇ ಬಿಟ್ಟುಕೊಟ್ಟೆ.

ಯಾಕೆಂದರೆ ಶರೋನ್ ಫೋನ್ ಮಾಡಿದಳು. ಜೂನಿನಲ್ಲಿ ಪೋರ್ಚುಗಲಿನ ಲಿಸ್ಬನ್ನಿನಲ್ಲಿ ಹುಳದವರ ದೊಡ್ಡ ಸಭೆ ಉಂಟಂತೆ. ಪಿಎಚ್‌ಡಿ ಮಾಡುವವರಲ್ಲಿ ಕೆಲವರಿಗೆ ಹೋಗಿ ಬರುವ ವೆಚ್ಚ ಒಂದು ಸಂಸ್ಥೆ ಕೊಡುತ್ತದೆ, ಅದಕ್ಕೆ ಟ್ರಾವೆಲ್ ಅವಾರ್ಡ್ ಎಂದು ಹೆಸರು. ಟಿಕೆಟ್ ಅವರೇ ತೆಗೆಯುತ್ತಾರೆ. ಇಡೀ ದೇಶದಿಂದ ಹನ್ನೊಂದು ಮಂದಿ. ಮಾಡಿದ ಕೆಲಸವನ್ನು ಅರ್ಧ ಪುಟದಲ್ಲಿ ಬರೆಯಬೇಕು, ಗೈಡಿನ ಪತ್ರ ಇಡಬೇಕು. ಶರೋನ್ ನಮ್ಮ ತೋಟದ ಲೆಕ್ಕ ಬರೆದು ಒಂದು ವಾರದ ಹಿಂದೆಯೇ ಕೊಟ್ಟಿದ್ದಾಳೆ, ಕೊನೆಯ ಶನಿವಾರದ್ದನ್ನೂ ಸೇರಿಸಿದ್ದಾಳೆ. ಕೊಕ್ಕರೆ ಪತ್ರ ಕೊಟ್ಟದ್ದು ಗಡುವಿಗೆ ಇಪ್ಪತ್ತು ನಿಮಿಷ ಇರುವಾಗ! ಹುಡುಗಿ ಅವರ ಬಾಗಿಲಲ್ಲಿ ಮೂರು ಗಂಟೆ ನಿಂತಿದ್ದಳಂತೆ. ನಾನು ಅಲ್ಲಿದ್ದರೆ ಬಾಗಿಲನ್ನೇ ಎತ್ತಿಕೊಂಡು ಬರುತ್ತಿದ್ದೆ.

ಮಾರ್ಚ್ 27, ಗುರುವಾರ

ಸಿಕ್ಕಿತು. ಹನ್ನೊಂದರಲ್ಲಿ ನಾಲ್ಕನೆಯ ಹೆಸರು ಶರೋನಳದು.

ಆಲಿಸ್ ಸುದ್ದಿಯನ್ನು ಇಡೀ ವಾಡೆಯ ಮನೆಮನೆಗೆ ಹಂಚಿ, ಲಾಡು ಹಂಚಿ, ಆಮೇಲೆ ನೆನಪಾಗಿ ನನಗೆ ಹೇಳಿದಳು. ಉಪವಾಸ ಕಾಲದಲ್ಲಿ ಲಾಡು! ಅವಳಿಗೆ ಈಗ ಡೆನ್ವರ್ ಬೇಡವಂತೆ, ಲಿಸ್ಬನ್ನಿಗೆ ಹೋಗಿ ಬಂದ ಹುಡುಗಿಗೆ ಡಾಕ್ಟರನೇ ಸಿಗುತ್ತಾನಂತೆ.

ಸಂಜೆ ಬಂದ ಶರೋನಳಿಗೆ ಹೇಳಿದೆ, "ಪೋರ್ಚುಗೀಸರ ಕಾಟ ತಡೆಯದೆ ನಮ್ಮ ಹಿರಿಯರು ರಾತ್ರೋರಾತ್ರಿ ಗೋವೆಯಿಂದ ಓಡಿ ಬಂದದ್ದು. ನೀನು ಹುಳದ ಚಿತ್ರ ಹಿಡಿದುಕೊಂಡು ಅವರ ಮನೆಬಾಗಿಲಿಗೆ ಹೋಗು."

"ನಿನ್ನ ಗಿಡದ ಚಿತ್ರವೂ ಉಂಟು ಮಾಯ್. ಕೆಳಗೆ ನಿನ್ನ ಹೆಸರು ಹಾಕಿದ್ದೇನೆ."

ಬರ್ತಾ ಡಿಸೋಜ ಎಂದು ಇಂಗ್ಲಿಷಿನಲ್ಲಿ ಬರೆದದ್ದನ್ನು ಮೊಬೈಲಿನಲ್ಲಿ ತೋರಿಸಿದಳು. ಇಷ್ಟಕ್ಕೆ ಅಳುವವಳಲ್ಲ ನಾನು. ಒಲೆಯ ಹೊಗೆ ಜಾಸ್ತಿ ಇತ್ತು.

ಏಪ್ರಿಲ್ 14, ಸೋಮವಾರ

ಇವತ್ತು ಪೆನ್ನು ಕಾಗದವನ್ನು ಹರಿಯುವಷ್ಟು ಸಿಟ್ಟು ಉಂಟು.

ಲಿಸ್ಬನ್ನಿನ ಸಭೆಗೆ ಮೊದಲು ಇನ್ನೊಂದು ಊರಿನಲ್ಲೂ ಮದ್ದನ್ನು ನೋಡಬೇಕು ಎಂದು ಶೇಖರ ಸರ್ ಫೆಬ್ರವರಿಯಲ್ಲೇ ಹೇಳಿದ್ದರು. ಅದಕ್ಕೆ ಲ್ಯಾಬಿನ ಇನ್ನೊಬ್ಬಳು ಹುಡುಗಿ ತೃಪ್ತಿ, ಬಜಗೋಳಿಯ ಒಂದು ಮನೆಯ ಮಲ್ಲಿಗೆ ತೋಟದಲ್ಲಿ ಇದೇ ಇಪ್ಪತ್ತನಾಲ್ಕು ಗಿಡ, ಇದೇ ಪಟ್ಟಿ, ಇದೇ ಬೂಷ್ಟು ಇಟ್ಟುಕೊಂಡು ಆರು ವಾರ ಎಣಿಸಿದಳು. ಮೊನ್ನೆ ಮುಗಿಯಿತು. ಅಲ್ಲಿ ಹಸಿರಿಗೂ ಕೆಂಪಿಗೂ ವ್ಯತ್ಯಾಸವೇ ಇಲ್ಲವಂತೆ. ಎರಡರಲ್ಲೂ ನೂರಕ್ಕೆ ಮೂವತ್ತು.

ಕೊಕ್ಕರೆ ಶರೋನಳನ್ನು ಕೋಣೆಗೆ ಕರೆದು ಬಾಗಿಲು ಹಾಕಿ ಕೇಳಿದರಂತೆ, "ನಿಮ್ಮ ತೋಟದ ಅಂಕಿಗಳು ನಿಜವಾಗಿ ಎಣಿಸಿದ್ದಾ?"

ನಿಜವಾಗಿ ಎಣಿಸಿದ್ದಾ! ಎಂದರೆ ಅವಾರ್ಡಿಗಾಗಿ ಮನೆಯಲ್ಲಿ ಕೂತು ಸುಳ್ಳು ಲೆಕ್ಕ ಬರೆದಳು ಎಂದು ಅರ್ಥ. ಹುಡುಗಿ ಕೊನೆಯ ಬಸ್ಸಿಗೆ ಮನೆಗೆ ಬಂದಳು. ಅತ್ತು ಅತ್ತು ಮೂಗು ಟೊಮೆಟೊ ಆಗಿತ್ತು. "ಲಿಸ್ಬನ್ ಹೋದರೆ ಹೋಗಲಿ ಮಾಯ್. ಕಳ್ಳಿ ಅಂತ ಹೆಸರು ಬಂದರೆ ಇನ್ನು ಯಾವ ಲ್ಯಾಬಿನಲ್ಲೂ ನನ್ನನ್ನು ಒಳಗೆ ಬಿಡುವುದಿಲ್ಲ. ನಾನು ಒಂದೊಂದೇ ಮೊಗ್ಗು ಎಣಿಸಿದ್ದು ನೀನು ನೋಡಿದ್ದಿ, ಅಲ್ವಾ?"

ನೋಡಿದ್ದೇನೆ. ಬಿಸಿಲಿನಲ್ಲಿ ಕೂತು ಎಣಿಸಿದ್ದನ್ನು ಈ ಎರಡು ಕಣ್ಣಿನಿಂದ ನೋಡಿದ್ದೇನೆ.

ತಪ್ಪು ಬಜಗೋಳಿಯಲ್ಲೇ ಆಗಿದೆ. ಮದ್ದನ್ನು ಸರಿಯಾಗಿ ಹೊಡೆದಿಲ್ಲ, ಅಥವಾ ಆ ಮನೆಯವರು ಸೋಮಾರಿಗಳು. ನಾನು ಹೋಗುತ್ತೇನೆ. ಡಾಕ್ಟರರ ಗುಳಿಗೆ ಎರಡು ನುಂಗಿ ಹೋಗುತ್ತೇನೆ.

ಏಪ್ರಿಲ್ 16, ಬುಧವಾರ

ಶಿರ್ವ, ಬೆಳ್ಮಣ್ಣು, ಕಾರ್ಕಳ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಜಗೋಳಿ. ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಅಜ್ಜಿ, ಬೇಗ ಹತ್ತಿ" ಎಂದ. ನಿನ್ನ ಅಜ್ಜಿಗೆ ಹೇಳು ಎಂದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ, ಪಟ್ಟಿಗಳು ರಸ್ತೆಗೇ ಕಾಣುತ್ತಿದ್ದವು. ಕುಶಲಾ ಎಂಬ ಹೆಂಗಸು, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು.

"ಯಾರು ಬೇಕಿತ್ತು ಬಾಯಮ್ಮ?"

"ಹುಳ ಸಾಕುವ ಮನೆ ಇದೇ ಅಲ್ವಾ?"

ಅವಳು ನಕ್ಕು, ಕೂರಿಸಿ, ಬೆಲ್ಲ ನೀರು ಕೊಟ್ಟಳು. ಬೆಲ್ಲ ತಿಂದ ಮೇಲೆ ಜಗಳ ಮಾಡುವುದು ಕಷ್ಟ. ಆದರೂ ತೋಟಕ್ಕೆ ಇಳಿದೆ. ಗಿಡಗಳು ಒಳ್ಳೆಯವು, ಬುಡ ಬಿಡಿಸಿದ್ದಾಳೆ, ಹಿಂಡಿ ಹಾಕಿದ್ದಾಳೆ. ಸೋಮಾರಿ ಅಲ್ಲ. ಆದರೆ ಹಸಿರು ಪಟ್ಟಿಯ ಗಿಡದಲ್ಲಿ ನೇರಳೆ ಮೊಗ್ಗುಗಳು ಗೊಂಚಲು ಗೊಂಚಲು. ನನ್ನ ತಲೆ ಕೆಟ್ಟಿತು.

"ನಿನಗೆ ಕೈ ಇಲ್ಲವಾ ಮಾರಾಯ್ತಿ? ಹುಳದ ಮೊಗ್ಗನ್ನು ಗಿಡದಲ್ಲಿ ಹೀಗೆ ಬಿಡುವುದುಂಟಾ?"

"ಎಂತ ಮಾಡುವುದು ಬಾಯಮ್ಮ, ತೃಪ್ತಿ ಮೇಡಂ ಎರಡೂ ಬಣ್ಣದ್ದನ್ನು ಮುಟ್ಟಬಾರದು ಅಂದಿದ್ದಾರೆ. ಮೊದಲ ದಿನ ನಾನೂ ಅಭ್ಯಾಸಕ್ಕೆ ಹಸಿರಿನದ್ದನ್ನು ಕೀಳಲಿಕ್ಕೆ ಹೋದೆ. ಬೈಸಿಕೊಂಡೆ. ನೀವು ಕಿತ್ತರೆ ಕಮ್ಮಿಯಾದದ್ದು ಮದ್ದಿನಿಂದಲಾ, ನಿಮ್ಮ ಕೈಯಿಂದಲಾ ಅಂತ ಗೊತ್ತಾಗುವುದು ಹೇಗೆ ಅಂತ ಕೇಳಿದರು. ಹೌದಲ್ವಾ? ನನಗೆ ಅದು ಹೊಳೆದಿರಲೇ ಇಲ್ಲ."

ಊಟ ಮಾಡಿ ಹೋಗಿ ಎಂದಳು. ಮಾಡಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ತಲೆನೋವು.

ಏಪ್ರಿಲ್ 17, ಗುರುವಾರ

ಕುಶಲಾಳ ಗಿಡಗಳು ಅಷ್ಟೇನೂ ಒಳ್ಳೆಯವಲ್ಲ.

ಆಲಿಸ್ ಗಂಜಿಗೆ ಉಪ್ಪು ಹಾಕಲಿಲ್ಲ. ಕೋಳಿಯೊಂದು ಮೊಟ್ಟೆಯ ಮೇಲೆ ಕೂರುವುದಿಲ್ಲ. ಮಣಿಪಾಲದಲ್ಲಿ ಅಷ್ಟು ದೊಡ್ಡ ದೊಡ್ಡ ಕಟ್ಟಡ ಕಟ್ಟಿದ್ದಾರೆ, ಹಸಿರನ್ನೂ ಮುಟ್ಟಬೇಡಿ ಎಂದು ಒಂದು ಮಾತು ಹೇಳಲು ಒಬ್ಬರಿಗೂ ಬಾಯಿ ಇರಲಿಲ್ಲ. ಹೇಳಿದ್ದರೆ ನಾನು ಮುಟ್ಟುತ್ತಿದ್ದೆನಾ? ಅರವತ್ತೊಂಬತ್ತು ವರ್ಷದಲ್ಲಿ ಯಾರಾದರೂ ನನ್ನನ್ನು ಮಾತು ತಪ್ಪಿದವಳು ಎಂದಿದ್ದಾರಾ?

ಸಂಜೆ ಕಾಲು ತೊಳೆಯುವ ಪೂಜೆಗೆ ಹೋದೆ. ಪಾಪನಿವೇದನೆಯ ಸಾಲಿನಲ್ಲಿ ನಿಂತು ಫಾದರ್ ಇವಾನರಿಗೆ ಎಲ್ಲ ಹೇಳಿದೆ. ಜಾಲರಿಯ ಆಚೆಯಿಂದ ಅವರು, "ತಿಳಿಯದೆ ಮಾಡಿದ್ದು ಪಾಪ ಅಲ್ಲ ಬಾಯಮ್ಮ. ಸಮಾಧಾನದಿಂದ ಹೋಗಿ" ಎಂದರು.

ಪಾಪ ಅಲ್ಲವಂತೆ! ಪಾಪವಾಗಿದ್ದರೆ ಜಪಮಾಲೆ ಹಿಡಿಸಿ ಐದು ತೇಸರ ಹೇಳಿಸಿ ಮುಗಿಸುತ್ತಿದ್ದರು. ಪಾಪ ಅಲ್ಲದ್ದನ್ನು ಎಲ್ಲಿ ತೊಳೆಯುವುದು? ಮೊನ್ನೆ ಮೊನ್ನೆ ಸೆಮಿನರಿಯಿಂದ ಬಂದ ಹುಡುಗ.

ಏಪ್ರಿಲ್ 18, ಶುಭ ಶುಕ್ರವಾರ

ಉಪವಾಸ. ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಜನವರಿ 18, ಒಂದು ಗೆರಟೆ. ಫೆಬ್ರವರಿ 8, ಒಂದೂವರೆ. 22, ಎರಡು. ನಡುವಿನ ಮೂರು ಶನಿವಾರ ಬರೆದಿಲ್ಲ. ಅಂದೂ ಕಿತ್ತಿದ್ದೇನೆ, ಒಂದು ಗೆರಟೆಗೆ ಕಮ್ಮಿ ಇರಲಿಲ್ಲ.

ಒಲೆಗೆ ಹಾಕೋಣ ಎಂದುಕೊಂಡೆ. ಆ ಪುಟಗಳನ್ನಾದರೂ ಹರಿಯೋಣ ಎಂದುಕೊಂಡೆ. ಪುಟಕ್ಕೆ ನಂಬರು ಉಂಟು.

ಏಪ್ರಿಲ್ 19, ಶನಿವಾರ

ಹೇಳಿದೆ.

ಶರೋನ್ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದಳು. ನಾನು ಎದುರು ನಿಂತು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಹಸಿರಿನ ಹುಳ ಕಮ್ಮಿಯಾದದ್ದು ನಿನ್ನ ಬೂಷ್ಟಿನಿಂದ ಅಲ್ಲ, ನನ್ನ ಕೈಯಿಂದ, ಆರು ಶನಿವಾರವೂ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಮೊಬೈಲನ್ನು ಮಡಿಲಲ್ಲಿ ಮಗುಚಿಟ್ಟು ಹಸಿರು ಗಿಡಗಳ ಕಡೆಗೇ ನೋಡುತ್ತಾ ಕೂತಳು. "ನಾನು ಹೇಳಬೇಕಿತ್ತು. ಎರಡೂ ಅಂತ ಹೇಳಬೇಕಿತ್ತು" ಎಂದಳು. ಅದು ನನಗೆ ಹೇಳಿದ್ದಲ್ಲ.

ಆಗ ನಾನು ಒಂದು ಮಾತು ಆಡಿದೆ. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. "ನಾನು ಹೇಳಿದ್ದನ್ನು ಮರೆತುಬಿಡು ಪುತಾ. ಯಾರಿಗೆ ಗೊತ್ತುಂಟು? ಬಜಗೋಳಿಯ ಮಣ್ಣೇ ಬೇರೆ ಅಂತ ಬರೆ. ಲಿಸ್ಬನ್ನಿಗೆ ಹೋಗಿ ಬಾ."

"ಮಾಯ್, ನನಗೆ ಏಳು ವರ್ಷ ಇದ್ದಾಗ ಒಂದು ಚೆಂಡು ಕಟ್ಟಿದ್ದೆ, ನೆನಪುಂಟಾ? ಎಂಟುನೂರು ಮೊಗ್ಗಿನಲ್ಲಿ ಹುಳದ್ದು ಒಂದು ಇತ್ತು. ಹೂವಿನ ಗಾಡಿಯವ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದ. ಒಂದೇ ಅಲ್ವಾ, ಒಳಗೆ ಕಾಣುವುದಿಲ್ಲ ಅಂತ ನಾನು ಅಂದೆ. ನೀನು ಗಾಡಿಯವನನ್ನು ಕಳಿಸಿ, ನನ್ನ ಕೈಯಿಂದ ಇಡೀ ಚೆಂಡು ಬಿಚ್ಚಿಸಿದಿ."

ನೆನಪುಂಟು. ಕೆನ್ನೆಗೆ ಒಂದು ಕೊಟ್ಟೂ ಇದ್ದೆ.

ಆಮೇಲೆ ಅವಳು ಲ್ಯಾಬಿನವಳಾದಳು. "ಯಾವ ದಿನ ಎಷ್ಟು ಕಿತ್ತಿ ಅಂತ ಎಲ್ಲಿಯಾದರೂ ಬರೆದಿದ್ದಿಯಾ?"

ಬರೆದಿದ್ದೇನೆ ಎಂದೆ. ಬೇಕಾದ ಸಾಲುಗಳನ್ನು ಒಳ್ಳೆಯ ಹಾಳೆಯಲ್ಲಿ ನಕಲು ಮಾಡಿಕೊಡುತ್ತೇನೆ ಎಂದೆ.

"ನಕಲು ಆಗುವುದಿಲ್ಲ ಮಾಯ್. ಈಗ ಬರೆದದ್ದು ಅಂತ ಹೇಳುತ್ತಾರೆ. ಆ ದಿನ ಬರೆದ ಪುಸ್ತಕವೇ ಬೇಕು. ನಾನು ಸುಳ್ಳು ಲೆಕ್ಕ ಬರೆದಿಲ್ಲ ಅಂತ ತೋರಿಸಲಿಕ್ಕೆ ನನ್ನ ಹತ್ತಿರ ಬೇರೆ ಎಂತದೂ ಇಲ್ಲ."

ಈ ಪುಸ್ತಕವೇ. ಕೊಕ್ಕರೆ, ಬೆರಳು, ಮುಂಬೈ, ಎಲ್ಲ ಇರುವ ಈ ಪುಸ್ತಕವೇ.

ಯಾರೂ ಓದುವುದಿಲ್ಲ ಎಂದವಳು ಅವಳೇ.

ಏಪ್ರಿಲ್ 22, ಮಂಗಳವಾರ

ಶೇಖರ ಸರ್ ಬಂದರು. ಜಗಲಿಯಲ್ಲಿ ಕೂತರು. ಪುಸ್ತಕವನ್ನು ಅವರ ಕೈಗೆ ನಾನೇ ಕೊಟ್ಟೆ. ಶರೋನಳ ಮೂಲಕ ಕೊಡುವುದು ಹೇಡಿತನ.

ಮೊದಲ ಪುಟದಿಂದ ಓದಿದರು. ಆ ಮನುಷ್ಯನಿಗೆ ಹಾರಿಸಿ ಓದಿ ಗೊತ್ತಿಲ್ಲ. ನಾನು ಕಂಬ ಹಿಡಿದು ನಿಂತೆ. ಆಲಿಸ್ ಚಹಾ ತಂದವಳು ಒಳಗೆ ಹೋಗದೆ ಅಲ್ಲೇ ನಿಂತಳು. ಫೆಬ್ರವರಿ 22ರ ಪುಟದಲ್ಲಿ ಅವರು ಕನ್ನಡಕ ಮೇಲೆ ಮಾಡಿ ಕೇಳಿದರು, "ಈ ಕೊಕ್ಕರೆ ಅಂದರೆ..."

"ನೀವೇ" ಎಂದೆ.

"ಸರಿ" ಎಂದು ಪುಟ ಮಗುಚಿದರು. ಪತ್ರಕ್ಕಾಗಿ ಹುಡುಗಿ ಮೂರು ಗಂಟೆ ನಿಂತ ಪುಟದಲ್ಲಿ ಮಾತ್ರ ತುಂಬಾ ಹೊತ್ತು ಇದ್ದರು. ಕಿವಿ ಕೆಂಪಾಗಿತ್ತು.

ಮುಗಿಸಿ, ಗೆರಟೆಯ ಲೆಕ್ಕ ಇದ್ದ ಪುಟಗಳ ಫೋಟೋ ತೆಗೆದರು. ಗೆರಟೆಯನ್ನು ತರಿಸಿ ಅದರಲ್ಲಿ ಎಷ್ಟು ಮೊಗ್ಗು ಹಿಡಿಯುತ್ತದೆ ಎಂದು ನನ್ನಿಂದಲೇ ತುಂಬಿಸಿ ಎಣಿಸಿದರು. ಇನ್ನೂರ ಹದಿನಾರು. ಮತ್ತೆ ಶರೋನಳ ಕಡೆ ತಿರುಗಿ, "ನಿನ್ನ ಎಣಿಕೆ ಸರಿಯಾಗಿಯೇ ಇತ್ತು. ಮೊನ್ನೆ ನಾನು ಹಾಗೆ ಕೇಳಬಾರದಿತ್ತು. ಬಾಗಿಲಲ್ಲಿ ನಿಲ್ಲಿಸಿದ್ದೂ ತಪ್ಪೇ" ಎಂದರು. ಅವಾರ್ಡಿನ ಮಾತು ಅವರು ಎತ್ತಲಿಲ್ಲ. ಶರೋನಳೇ, "ಇವತ್ತೇ ಬರೆದು ಹಿಂದೆ ಕೊಡುತ್ತೇನೆ ಸರ್" ಎಂದಳು. ನಾನು ಕಂಬವನ್ನು ಬಿಡಲಿಲ್ಲ.

ಅವರು ಹೋದ ಮೇಲೆ ಆಲಿಸ್ ಕೇಳಿದಳು, "ನನ್ನ ಬಗ್ಗೆ ಎಂತ ಬರೆದಿದ್ದೀರಿ ಮಾಯ್?"

ಕೊಕ್ಕರೆಗೆ ಕೊಟ್ಟ ಮೇಲೆ ಮನೆಯವಳಿಗೆ ಬಚ್ಚಿಡುವುದು ಯಾವ ನ್ಯಾಯ? ನಾರು, ಬೆರಳು, ಲಾಡು, ಉಪ್ಪು, ಎಲ್ಲವನ್ನೂ ನಾನೇ ಓದಿ ಹೇಳಿದೆ. ಕೊನೆಯ ತನಕ ಕೇಳಿ ಅವಳು ಚಹಾದ ಲೋಟಗಳನ್ನು ಎತ್ತಿಕೊಂಡಳು. "ಇದೆಲ್ಲ ನೀವು ದಿನಾ ಕೋಳಿಗಳಿಗೆ ಹೇಳುತ್ತೀರಿ. ನನಗೆ ಕಿವಿ ಉಂಟು."

ಬಾಗಿಲ ಹತ್ತಿರ ತಿರುಗಿ ನಿಂತು, "ಆ ಗುಂಡಿ ಒತ್ತುವವನ ಬಗ್ಗೆ ಬರೆದದ್ದು ಮಾತ್ರ ಇನ್ನೊಮ್ಮೆ ಓದಿ" ಎಂದಳು. ಓದಿದೆ. ಇಬ್ಬರೂ ಸೇರಿ ಅವನಿಗೆ ಇನ್ನೆರಡು ಬೆರಳಿಗೆ ಉಗುರುಸುತ್ತು ಹಾರೈಸಿದೆವು.

ಏಪ್ರಿಲ್ 29, ಮಂಗಳವಾರ

ಅವಾರ್ಡಿನವರ ಉತ್ತರ ಬಂತು. ಎರಡು ಸಾಲು. ಪ್ರಾಮಾಣಿಕತೆಗೆ ಧನ್ಯವಾದ, ಅವಕಾಶವನ್ನು ಪಟ್ಟಿಯಲ್ಲಿ ಹನ್ನೆರಡನೆಯವರಿಗೆ ಕೊಡಲಾಗಿದೆ. ಧನ್ಯವಾದದ ಮೇಲೆ ಹತ್ತಿ ಕೂತರೆ ಅದು ಲಿಸ್ಬನ್ನಿಗೆ ಹೋಗುತ್ತದಾ? ಆ ಹನ್ನೆರಡನೆಯವರು ಯಾರೋ, ಅವರ ಅಜ್ಜಿ ಕೈ ಕಟ್ಟಿ ಕೂತಿದ್ದಿರಬೇಕು.

ಚಿತ್ರದ ಕೆಳಗಿದ್ದ ನನ್ನ ಹೆಸರೂ ಹೋಯಿತು.

ಶರೋನ್ ಸಪ್ಪಗಿದ್ದಾಳೆ. ಊಟ ಮಾಡುತ್ತಾಳೆ, ಕೆಲಸ ಮಾಡುತ್ತಾಳೆ, ನನ್ನ ಹತ್ತಿರ ಮಾತೂ ಆಡುತ್ತಾಳೆ. ಆದರೆ ಮೊದಲಿನ ಹಾಗೆ ಎತ್ತುವುದಿಲ್ಲ. ಶನಿವಾರದಿಂದ ಇದೇ ಗಿಡಗಳಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾಳಂತೆ. ಸರ್ ಬೇರೆ ತೋಟ ನೋಡು ಎಂದಿದ್ದರಂತೆ. ಇವಳು ಬೇಡ, ಅಲ್ಲೇ ಮಾಡುತ್ತೇನೆ ಎಂದಳಂತೆ.

ಮೇ 10, ಶನಿವಾರ

ಹೊಸ ಲೆಕ್ಕದ ಮೊದಲ ಎಣಿಕೆ ಇವತ್ತು. ಎಂಟು ಗಂಟೆಯ ಬಸ್ಸು ತಡ. ಈ ಬಸ್ಸಿನವರಿಗೆ ಗಡಿಯಾರ ಯಾಕೆ ಬೇಕು?

ಐದೂವರೆಗೆ ತೋಟಕ್ಕೆ ಇಳಿದು ಒಳ್ಳೆಯ ಮೊಗ್ಗು ಕೊಯ್ದೆ. ಹಸಿರು ಪಟ್ಟಿಯ ಏಳನೆಯ ಗಿಡದಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಹುಳದ ಮೊಗ್ಗು, ಹದಿನೆಂಟು. ಒಂದು ನನ್ನ ಬೆರಳಿಗೇ ತಾಗುತ್ತಿತ್ತು. ಒಳಗೆ ಹುಳ ಆಡುವುದು ತೂತಿನಲ್ಲಿ ಕಾಣುತ್ತಿತ್ತು. ಕೋಳಿಗಳು ಕಾಲಿಗೆ ಸುತ್ತುತ್ತಿದ್ದವು, ಗೆರಟೆ ಎಲ್ಲಿ ಎಂದು. ಅವನ್ನು ಬೈದು ಓಡಿಸಿದೆ. ಬೀಪಿ ಏರಿರಬೇಕು.

ಹಸಿರು, ಏಳನೆಯ ಗಿಡ, ಹದಿನೆಂಟು. ಕೀಳಲಿಲ್ಲ.